ಕಂಡಿಕೆ ತೀರುವ ಮುಂಚೆ

ಬನಹಟ್ಟಿಯ ಮಗ್ಗದ ಓಣಿಯಲ್ಲಿ ಹುಟ್ಟಿದವರಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಮನೆಯೊಳಗೇ ಪವರ್‌ಲೂಮ್ ಖಟಾಖಟ ಬಡಿಯುತ್ತಿರುವಾಗ, ಎಡಕ್ಕೂ ಬಲಕ್ಕೂ ಎದುರಿಗೂ ಅದೇ ಸದ್ದಿರುವಾಗ, ಊಟಕ್ಕೆ ಕೂತವರು ಉಪ್ಪು ಬೇಕಾದರೂ ಕೂಗಿಯೇ ಕೇಳಬೇಕು. ಮದುವೆಯಾಗಿ ಜಮಖಂಡಿಗೆ ಬಂದ ಹೊಸದರಲ್ಲಿ ನಮ್ಮ ಅತ್ತೆ ಅಡುಗೆಮನೆಯ ಬಾಗಿಲಿಗೆ ಓಡಿ ಬಂದು, "ಯಾಕವ್ವಾ, ಯಾರ ಜೋಡಿ ಜಗಳಾ ಮಾಡಾಕತ್ತಿ?" ಎಂದು ಗಾಬರಿಯಿಂದ ಕೇಳಿದ್ದರು. ನಾನು ಜಗಳ ಮಾಡುತ್ತಿರಲಿಲ್ಲ. ಚಹಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಗಂಡನನ್ನು ಕೇಳುತ್ತಿದ್ದೆ.

ಆ ಮನೆಯ ಶಾಂತಿ ನನಗೆ ಬಹಳ ದಿನ ಒಗ್ಗಲಿಲ್ಲ. ನಮ್ಮ ಓಣಿಯಲ್ಲಿ ಸದ್ದಿದ್ದರೆ ಎಲ್ಲ ಛಲೋ ಇದೆ ಎಂದು ಅರ್ಥ. ಮಗ್ಗ ನಡೆದಿದೆ ಅಂದರೆ ಕರೆಂಟು ಇದೆ, ನೂಲು ಇದೆ, ಮಗ್ಗದ ಮುಂದೆ ಮನುಷ್ಯರಿದ್ದಾರೆ. ಇದನ್ನು ನಂಬಿಕೊಂಡೇ ನಾವೆಲ್ಲ ಬೆಳೆದೆವು. ಇದು ಎಂಥ ಸುಳ್ಳು ನಂಬಿಕೆ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಡಲು ಆಗಿಲ್ಲ.

ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್. ಹಳೆಯ ಕೆಲಸ, ಹಳೆಯ ವಾರ್ಡು. ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮಲ್ಲಿ ಹಾಸಿಗೆ ಸಾಲುವುದಿಲ್ಲ. ಕುಡಗೋಲು ತಾಗಿಸಿಕೊಂಡವರು, ಸಮೀರವಾಡಿಯ ದಾರಿಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ಬೈಕು ಗುದ್ದಿಕೊಂಡವರು, ಹಿಪ್ಪರಗಿ ಕಡೆಯಿಂದ ಹಾವು ಕಚ್ಚಿಸಿಕೊಂಡು ಬಂದವರು. ಹೋದ ಹಂಗಾಮಿಗೆ ನಮ್ಮ ವಾರ್ಡಿನ ಇಬ್ಬರು ಹುಡುಗಿಯರು ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬೆಳಗಿನ ಡ್ಯೂಟಿ ಮುಗಿಯುವ ಹೊತ್ತಿಗೆ ಇನ್‌ಚಾರ್ಜ್ ಸಿಸ್ಟರ್ ಬಂದು ನನ್ನ ಹೆಗಲ ಮೇಲೆ ಕೈ ಇಡುತ್ತಿದ್ದರು. "ನೀ ಇಲ್ಲಂದ್ರ ಈ ವಾರ್ಡ್ ನಡಿಯೂದಿಲ್ಲ ನೋಡವಾ. ಸಂಜಿ ಮಟಾ ಇರತೀಯಲ್ಲ?" ಕೆಟ್ಟವರಲ್ಲ ಅವರು. ನನಗಿಂತ ಹಿರಿಯರು, ಮೊಣಕಾಲು ನೋವಿದ್ದರೂ ನಮ್ಮಂತೆಯೇ ಓಡಾಡುವವರು. ಆದರೆ ನೀನಿಲ್ಲದೆ ನಡೆಯುವುದಿಲ್ಲ ಎಂಬ ಮಾತಿಗೆ ಉಬ್ಬದ ಹೆಂಗಸು ಇನ್ನೂ ಹುಟ್ಟಬೇಕು. ನಾನು ಪ್ರತಿ ಸಲವೂ ಹೂಂ ಎನ್ನುತ್ತಿದ್ದೆ.

ಆಗಲೇ ನಮಗೊಂದು ತರಬೇತಿ ಇಟ್ಟರು. ಒತ್ತಡವನ್ನು ನಿಭಾಯಿಸುವುದು ಹೇಗೆ, ನಿಮ್ಮನ್ನು ನೀವು ನೋಡಿಕೊಳ್ಳುವುದು ಹೇಗೆ ಎಂದು ಹೇಳಲು ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಗರಿಗರಿ ಕಾಟನ್ ಸೀರೆ, ಬಾಯಿತುಂಬ ನಗು. ಊಟ ಬಿಟ್ಟು ಕೆಲಸ ಮಾಡಬೇಡಿ, ನೀರು ಕುಡಿಯಿರಿ, ಇಲ್ಲ ಅನ್ನಲು ಕಲಿಯಿರಿ ಎಂದಳು. ನಾವು ಊಟ ಬಿಟ್ಟು ಅಲ್ಲಿ ಕೂತಿದ್ದೆವು. ನನ್ನ ಪಕ್ಕದವಳು ಕಿವಿಯಲ್ಲಿ, "ನಮ್ಮನ್ನ ನಾವು ನೋಡ್ಕೊಂತ ಕುಂತ್ರ ಪೇಷಂಟ್‌ನ ಇಕಿ ನೋಡತಾಳೇನ?" ಎಂದಳು. ನಗು ತಡೆದು ನನಗೆ ಕೆಮ್ಮು ಬಂತು.

ಕೊನೆಗೆ ಆ ಹುಡುಗಿ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದಳು. ನಿಮಗೆ ನೆಮ್ಮದಿ ಕೊಡುವ ಒಂದು ಸದ್ದನ್ನು ನೆನಪಿಸಿಕೊಳ್ಳಿ, ಅದರ ಜೊತೆ ಉಸಿರಾಡಿ ಎಂದಳು. ನಾನು ವಿಧೇಯಳಾಗಿ ಕಣ್ಣು ಮುಚ್ಚಿದೆ. ಮಗ್ಗದ ಸದ್ದು ಬಂತು. ಖಟಾಖಟ, ಖಟಾಖಟ. ನಿಜವಾಗಿಯೂ ಹಿತವಾಗಿತ್ತು. ಹೆಗಲು ಇಳಿಯಿತು, ಹಲ್ಲು ಕಚ್ಚಿಕೊಂಡಿದ್ದೆನೆಂದು ಆಗಲೇ ಗೊತ್ತಾಯಿತು. ಆಮೇಲೆ ಸದ್ದು ಫಕ್ಕನೆ ನಿಂತಿತು, ಮೋಟಾರು ಮಾತ್ರ ಗುಂಯ್ ಎನ್ನುತ್ತಿತ್ತು, ಅದರ ಹಿಂದಿನಿಂದ ಅಪ್ಪನ ದನಿ ಕೇಳಿತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಎಲ್ಲರೂ ಕಣ್ಣು ಮುಚ್ಚಿದ್ದರಿಂದ ಆ ಹುಡುಗಿಯೊಬ್ಬಳೇ ನೋಡಿದಳು. ಏನಾಯ್ತು ಮೇಡಂ ಎಂದಳು. ವಾರ್ಡಿನಿಂದ ಕರೆ ಬಂದಿದೆ ಎಂದು ಸುಳ್ಳು ಹೇಳಿ ಹೊರಗೆ ಬಂದೆ.

ಅವತ್ತಿನಿಂದ ಅವ್ವ ಬರತೊಡಗಿದಳು.

ದೆವ್ವ ಬಂತೆಂದು ನಾನು ಹೇಳುತ್ತಿಲ್ಲ. ಹೆಣದ ಜೊತೆ ಕೆಲಸ ಮಾಡಿದವಳು ನಾನು, ನನಗೆ ಆ ಭಯವಿಲ್ಲ. ಆದರೆ ಹಾಡಹಗಲೇ ಕಾರಿಡಾರಿನ ಕೊನೆಯಲ್ಲಿ, ತಲೆಗೂದಲಿಗೆಲ್ಲ ನೂಲಿನ ಬಿಳಿ ಧೂಳು ಹತ್ತಿಸಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು ಅವಳು ನಿಂತಿರುತ್ತಿದ್ದಳು. ಹತ್ತಿರ ಹೋದರೆ ಅಲ್ಲಿ ಸಲಾಯಿನ್ ಸ್ಟ್ಯಾಂಡ್ ಇರುತ್ತಿತ್ತು. ಆಕ್ಸಿಜನ್ ಮಷೀನಿನ ಸದ್ದು ಖಟಾಖಟ ಆಗುತ್ತಿತ್ತು. ಕೈ ತೊಳೆಯುವಾಗ ಕನ್ನಡಿಯಲ್ಲಿ ನನ್ನ ಕೂದಲು ನೋಡಿ ಧೂಳು ಕೊಡವುತ್ತಿದ್ದೆ. ಅದು ಧೂಳಲ್ಲ, ನರೆ. ಗೊತ್ತಿದ್ದರೂ ಕೊಡವುತ್ತಿದ್ದೆ.

ಗಂಡನಿಗೆ ಹೇಳಲಿಲ್ಲ. ಅವರು ಮುಧೋಳದ ಕಡೆ ಕೆಲಸಕ್ಕೆ ಹೋಗಿ ಬರುವವರು. ಹೇಳಿದ್ದರೆ, ರಕ್ತ ಕಡಿಮೆ ಆಗಿರಬೇಕು, ದಾಳಿಂಬೆ ತರತೀನಿ ಎನ್ನುತ್ತಿದ್ದರು. ತಂದೂ ತರುತ್ತಿದ್ದರು. ಹಣ್ಣು ಸುಲಿಯುವ ಕೆಲಸ ನನಗೇ ಬರುತ್ತಿತ್ತು.

ಒಂದು ಮಧ್ಯಾಹ್ನ ಬಿ.ಪಿ. ನೋಡುವ ಸಾಮಾನು ಹಿಡಿದು ವಾರ್ಡಿಗೆ ಹೋದೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಬೀಳಗಿ ಕಡೆಯ ಒಬ್ಬ ರೈತ ಕಾಲು ಮುರಿದುಕೊಂಡು ಮಲಗಿದ್ದ. ಅವನ ತೋಳಿಗೆ ಪಟ್ಟಿ ಸುತ್ತಲು ಹೋದಾಗ ಅವನ ಹೆಂಡತಿ ನಕ್ಕಳು.

"ಅಕ್ಕಾರ, ಈಗಷ್ಟ ನೋಡಿ ಹೋದ್ರಲ್ಲರೀ."

"ಯಾರು, ನಾನಾ?"

"ಹೌಂದರಿ. ಎಲ್ಲಾರನೂ ನೋಡಿದ್ರಿ. ನನ್ನ ಜೋಡಿ ಮಾತಾಡಿಕೊಂತ ಇಲ್ಲೇ ಕುಂತಿದ್ರಿ."

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ನಕ್ಕೆ. ಏನು ಮಾತಾಡಿದೆ ಎಂದು ಕೇಳಿದೆ. ಅವಳ ನಗು ನಿಂತಿತು. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ನಿಮ್ಮ ಅವ್ವಾರು ಮಗ್ಗದ ಮುಂದನ ತೀರಿಕೊಂಡದ್ದು ಹೇಳಿದ್ರಿ. ಕಂಡಿಕಿ ಹಾಕ ಅಂತ ನಿಮ್ಮ ಅಪ್ಪಾರು ಒದರಿದ್ದು ಹೇಳಿದ್ರಿ."

ಆ ಮಾತನ್ನು ನಾನು ಯಾರಿಗೂ ಹೇಳಿದವಳಲ್ಲ. ಗಂಡನಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲೇ ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅಂಥದ್ದನ್ನು ಒಬ್ಬ ಅಪರಿಚಿತ ಹೆಂಗಸಿನ ಪಕ್ಕ ಕೂತು ನಾನು ಹೇಳಿದ್ದೆ, ಹೇಳಿದ್ದು ನನಗೇ ಗೊತ್ತಿರಲಿಲ್ಲ. ಎಲ್ಲರ ಬಿ.ಪಿ. ಸರಿಯಾಗಿಯೇ ನೋಡಿದ್ದೆನಂತೆ. ಕೈ ಕೆಲಸ ಮಾಡಿತ್ತು, ಬಾಯಿ ಮಾತಾಡಿತ್ತು. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ?

ಅವ್ವ ಸತ್ತ ದಿನದ ಸಂಗತಿ ಇಷ್ಟೇ. ನಾನಾಗ ನರ್ಸಿಂಗ್ ಓದುತ್ತಿದ್ದೆ, ರಜೆಗೆ ಬಂದಿದ್ದೆ. ಪಡಸಾಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದೆ. ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಸಣ್ಣ ಕಡ್ಡಿ. ಅದರ ನೂಲು ತೀರಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ನೇಯುವವರು ಬೇರೆ ಕಂಡಿಕೆ ಹಾಕಿ ಮತ್ತೆ ಹಚ್ಚಬೇಕು. ಅಪ್ಪ ನನ್ನೆದುರಿಗೆ ಕೂತು ಚಹ ಕುಡಿಯುತ್ತಿದ್ದ. ಒಳಗೆ ಅವ್ವನ ಮಗ್ಗ ನಡೆದಿತ್ತು. ಚಹ ಮುಗಿಯುವ ಮೊದಲು ಮಗ್ಗ ನಿಂತಿತು. ಒಂದು ಗುಟುಕು ಕುಡಿದು ಅಪ್ಪ ಕೂಗಿದ: "ಏ, ಏನ ಮಾಡಾಕತ್ತಿ? ಕಂಡಿಕಿ ಹಾಕ!" ಉತ್ತರ ಬರಲಿಲ್ಲ. ಮತ್ತೊಮ್ಮೆ ಇನ್ನೂ ಜೋರಾಗಿ, ಸಿಟ್ಟಿನಿಂದ ಕೂಗಿದ. ಆಮೇಲೆ ಗೊಣಗುತ್ತ ಎದ್ದು ಒಳಗೆ ಹೋದ.

ಅವ್ವ ಮಗ್ಗಕ್ಕೆ ಒರಗಿ ಕೂತಿದ್ದಳು. ಕಣ್ಣು ಅರೆ ತೆರೆದಿದ್ದವು. ಮಗ್ಗದ ಮೇಲಿನ ಬಟ್ಟೆಯನ್ನು ಅಂಗೈಯಿಂದ ಸವರಿದಂತೆ ಕೈ ಚಾಚಿತ್ತು. ನಾನು ಕಲಿತದ್ದನ್ನೆಲ್ಲ ಮಾಡಿದೆ, ಆದರೆ ಜೀವ ಆಗಲೇ ಹೋಗಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ಅದು ಯಾವಾಗ ನಿಂತಿತು ಎಂದು ಯಾರಿಗೂ ಗೊತ್ತಿಲ್ಲ. ಅವಳು ಹೋದ ಮೇಲೂ ಮಗ್ಗ ನಡೆದೇ ಇತ್ತು. ಅವಳು ಹಾಕಿದ ಕಂಡಿಕೆ ತೀರುವವರೆಗೆ ನೇಯುತ್ತಲೇ ಇತ್ತು. ಆ ಸದ್ದು ಕೇಳುತ್ತ ನಾವಿಬ್ಬರೂ ಹೊರಗೆ ನಿಶ್ಚಿಂತೆಯಿಂದ ಕೂತಿದ್ದೆವು.

ಅವಳು ಎಂಥವಳೆಂದರೆ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಮಗ್ಗಕ್ಕೆ ರಜೆ, ಅವಳಿಗೆ ಮಾತ್ರ ರಜೆ ಇರುತ್ತಿರಲಿಲ್ಲ. ಅವತ್ತು ಕೂತು ಮಗ್ಗದ ಕೀಲುಕೀಲಿಗೂ ಎಣ್ಣೆ ಬಿಡುತ್ತಿದ್ದಳು, ತನ್ನ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಮರೆಯುತ್ತಿದ್ದಳು. ಜ್ವರ ಬಂದರೆ, ಕೆಲಸ ಮಾಡಿದರೆ ಬೆವರು ಬಂದು ಇಳಿಯುತ್ತದೆ ಎನ್ನುತ್ತಿದ್ದಳು. ಓಣಿಯವರೆಲ್ಲ ಅವಳನ್ನು ಹೊಗಳುತ್ತಿದ್ದರು. ನನಗೆ ಆ ಹೊಗಳಿಕೆಯ ಮೇಲೆ ಈಗಲೂ ಸಿಟ್ಟಿದೆ.

ಬೀಳಗಿಯ ಆ ಹೆಂಗಸಿನ ಮುಂದಿನಿಂದ ಸರಿದು ನಾನು ನೇರವಾಗಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋದೆ. ಏನು ಹೇಳಿದೆನೋ ನೆನಪಿಲ್ಲ, ನನ್ನ ಮುಖ ನೋಡಿಯೇ ಅವರು ರಜೆ ಕೊಟ್ಟರು. "ತವರಮನಿಗೆ ಹೋಗಿ ಎರಡ ದಿನಾ ಮಕ್ಕೊಂಡ ಬಾ. ಎರಡ ದಿನಾ ಅಷ್ಟ ಮತ್ತ!" ಎಂದರು. ಬನಹಟ್ಟಿಗೆ ಬಸ್ಸಿನಲ್ಲಿ ಹೋದೆ. ಬಸ್ಸು ಓಣಿಯ ಹತ್ತಿರ ಬರುತ್ತಿದ್ದಂತೆ ಆ ಸದ್ದು ಕಿವಿಗೆ ಬಿತ್ತು. ಓಡಿಹೋಗಬೇಕೆಂಬ ಆಸೆ, ಜೊತೆಗೇ ನಿದ್ದೆ. ಎರಡೂ ಒಟ್ಟಿಗೆ ಬಂದವು.

ಈಗ ಆ ಮನೆಯಲ್ಲಿ ಅಪ್ಪ, ಅಣ್ಣ, ಅಣ್ಣನ ಹೆಂಡತಿ ನಮ್ಮ ವೈನಿ ಇದ್ದಾರೆ. ಅಣ್ಣ ಸೀರೆಗಳನ್ನು ಹೊತ್ತು ರಬಕವಿ, ಮುಧೋಳ ಎಂದು ತಿರುಗುತ್ತಾನೆ. ಬೇಡವೆಂದರೂ ಕೇಳದೆ ಅಪ್ಪ ಒಂದು ಮಗ್ಗ ನಡೆಸುತ್ತಾನೆ. ಅವನಿಗೊಂದು ಚಾಳಿ ಇದೆ. ಅವ್ವ ಹೋದಾಗಿನಿಂದ ಅವನು ಕಂಡಿಕೆ ತೀರುವವರೆಗೆ ಕಾಯುವುದಿಲ್ಲ. ಮಗ್ಗ ಚೆನ್ನಾಗಿ ನಡೆದಿರುವಾಗಲೇ, ನೂಲು ಇನ್ನೂ ಇರುವಾಗಲೇ, ನಡುವೆ ನಿಲ್ಲಿಸಿ, ಇದ್ದೀಯಾ ಎಂದು ಒಳಮನೆಗೆ ಕೂಗುತ್ತಾನೆ: "ತಂಗೀ, ಅದೀಯೇನ?" ಅಡುಗೆಮನೆಯಿಂದ ವೈನಿ, "ಅದೀನ್ರಿ ಮಾವಾರ" ಎನ್ನುತ್ತಾಳೆ. ಆಮೇಲೆ ಮತ್ತೆ ಹಚ್ಚುತ್ತಾನೆ. ನೇಯುವವರು ಯಾರೂ ಹೀಗೆ ಮಾಡುವುದಿಲ್ಲ. ನಡುವೆ ನಿಲ್ಲಿಸಿ ಹಚ್ಚಿದರೆ ಬಟ್ಟೆಯಲ್ಲಿ ಸಣ್ಣ ಗೆರೆ ಬೀಳುತ್ತದೆ, ಸೀರೆ ಕೊಳ್ಳುವ ಸಾವಕಾರ ಬೆರಳಿನಿಂದ ಸವರಿ ಅದನ್ನು ಹಿಡಿಯುತ್ತಾನೆ. ಅಣ್ಣ ಬೈದು ಸಾಕಾಗಿ ಬಿಟ್ಟಿದ್ದಾನೆ. ಓಣಿಯ ಹುಡುಗರು ಅಪ್ಪ ಎದುರಾದರೆ "ಅದೀಯೇನೋ ಅಜ್ಜಾ?" ಎಂದು ಕಾಡುತ್ತಾರೆ. ಅಪ್ಪನೂ "ಅದೀನಲೇ, ನೀ ಅದೀಯೇನ?" ಎಂದು ಕೈ ಎತ್ತುತ್ತಾನೆ.

ಮಲಗಿ ಬಾ ಎಂದು ಕಳಿಸಿದ್ದರು, ಆದರೆ ಮಲಗುವುದು ನನಗೆ ಬರಲಿಲ್ಲ. ಬಂದ ದಿನವೇ ವೈನಿಯ ಪಾತ್ರೆಗಳನ್ನೆಲ್ಲ ತಿಕ್ಕಿದೆ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತೆ. ವೈನಿ ಹಿಟ್ಟು ನಾದುವ ಕೊಣಮಗಿಯನ್ನೇ ಕಸಿದುಕೊಂಡು, "ಆರಾಮ ತಗೊಳ್ಳಾಕ ಬಂದಾಕಿ ನೀ. ಸುಮ್ಮ ಕುಂಡ್ರಾಕರ ಬರತೈತಿಲ್ಲೋ ನಿನಗ?" ಎಂದು ಗದರಿದಳು. ನನ್ನನ್ನು ಅಂಗಳದಲ್ಲಿ ಕೂರಿಸಿ ತಲೆಗೆ ಎಣ್ಣೆ ತಟ್ಟಿದಳು. ಹಿತವಾಗಿತ್ತು. ಆದರೂ ಅವಳ ಕೈ ನಿಂತ ಕೂಡಲೇ ನಾನು ಎದ್ದು ಕಂಡಿಕೆ ಸುತ್ತಲು ಹೋದೆ. ಸುಮ್ಮನೆ ಕೂತರೆ ಅವ್ವ ಕಣ್ಣಿಗೆ ಬೀಳುತ್ತಿದ್ದಳು. ಮಗ್ಗದ ಕೋಣೆಯ ಬಾಗಿಲಲ್ಲಿ ಬೆನ್ನು ಮಾಡಿ ಕೂತಿರುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ. ಅವಳು ತಿರುಗಿದರೆ ಅಲ್ಲಿ ನನ್ನ ಮುಖ ಇರುತ್ತದೆ ಎಂಬ ಹೆದರಿಕೆ ನನ್ನೊಳಗೆ ಹೊಕ್ಕಿತ್ತು. ಅವಳಂತೆ ನಾನೂ ಹೋಗಿಬಿಟ್ಟಿದ್ದೇನೆ, ಹಾಕಿದ ನೂಲು ಇನ್ನೂ ತೀರಿಲ್ಲ ಅಷ್ಟೇ ಎಂದು ಅನಿಸುತ್ತಿತ್ತು.

ಅವತ್ತೇ ಇನ್‌ಚಾರ್ಜ್ ಸಿಸ್ಟರ್ ಫೋನ್ ಮಾಡಿದರು. ಹೊಸ ಕೇಸುಗಳು ಬಂದಿವೆ, ನಾಳೆ ಬೆಳಿಗ್ಗೆ ಖಂಡಿತ ಬರಬೇಕು ಎಂದರು. ನಾನು ಹೂಂ ಎಂದೆ. ಯೂನಿಫಾರ್ಮಿಗೆ ಇಸ್ತ್ರಿ ಆಗಿದೆಯಾ ಎಂದು ಯೋಚಿಸುತ್ತಲೇ ಚೀಲಕ್ಕೆ ಬಟ್ಟೆ ತುಂಬಿದೆ. ಸಂಜೆಯ ಬಸ್ಸಿಗೆ ಹೊರಡುವುದೆಂದು ನಿಶ್ಚಯವಾಯಿತು. ವೈನಿ ಮುಖ ಊದಿಸಿಕೊಂಡು, ನನ್ನ ಜೊತೆ ಕಳಿಸಲು ಜೋಳದ ಹಿಟ್ಟು ಬೀಸಿಸಿಕೊಂಡು ಬರುತ್ತೇನೆಂದು ಗಿರಣಿಗೆ ಹೋದಳು. ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ.

ನಾನು ಹಿಂದಿನ ಕೋಣೆಯಲ್ಲಿ ಚೀಲದ ಮುಂದೆ ಕೂತಿದ್ದೆ. ಮಗ್ಗ ನಿಂತಿತು.

"ಯವ್ವಾ, ಅದೀಯೇನ?"

"ಬಂದೆ, ಬಂದೆ" ಎಂದು ಎದ್ದು ಓಡಿದೆ. ಕೈ ಒರೆಸಿಕೊಳ್ಳುತ್ತ ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು, "ಏನ ಬೇಕಪ್ಪಾ? ನೀರ ತರಲ್ಯಾ?" ಎಂದೆ.

ಅಪ್ಪ ಮಗ್ಗದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದ. ಅವನ ಕನ್ನಡಕದ ಮೇಲೂ ನೂಲಿನ ಧೂಳು ಕೂತಿತ್ತು.

"ಬಾ ಅನ್ನಲಿಲ್ಲವ್ವಾ ನಾ. ಅದೀಯೇನು ಅಂತ ಕೇಳಿದೆ."

ಅದೀನಿ ಎನ್ನಲು ಬಾಯಿ ತೆರೆದೆ. ಎಷ್ಟು ಸಣ್ಣ ಮಾತು ಅದು. ವೈನಿ ಹಿಟ್ಟು ನಾದುತ್ತ, ಹಾಲು ಉಕ್ಕುವುದನ್ನು ನೋಡುತ್ತ ತಿರುಗದೇ ಹೇಳುವ ಮಾತು. ನನ್ನ ನಾಲಿಗೆ ಹೊರಳಲಿಲ್ಲ. ಬೀಳಗಿಯ ಹೆಂಗಸು ನನ್ನ ಮುಖ ನೋಡಿದ್ದು ನೆನಪಾಯಿತು. ನಾಳೆ ಬೆಳಿಗ್ಗೆ ಅದೇ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಓಡಾಡುವ ನನ್ನ ಕೈಗಳು ಕಣ್ಣಿಗೆ ಕಟ್ಟಿದವು. ಒಂದು ದಿನ ಆ ಕೈ ತಪ್ಪು ಮಾಡುತ್ತದೆ, ಇಲ್ಲವೇ ನಾನೇ ಯಾವುದಾದರೂ ಹಾಸಿಗೆಗೆ ಒರಗಿ ಕೂತುಬಿಡುತ್ತೇನೆ. ಎರಡೂ ನನಗೆ ಖಚಿತವಾಗಿ ಕಂಡವು.

"ಇಲ್ಲಪ್ಪಾ" ಎಂದೆ. "ನಾ ಇಲ್ಲ."

ಹೇಳಿದ ಮೇಲೆ ಹೆದರಿಕೆಯಾಯಿತು. ಮುದುಕನ ಎದೆ ಒಡೆದೆನೋ ಏನೋ ಎನಿಸಿತು. ಅಪ್ಪ ಮೋಟಾರಿನ ಗುಂಡಿ ಒತ್ತಿ ಅದನ್ನೂ ಬಂದ್ ಮಾಡಿದ. ಪಕ್ಕದ ಮನೆಗಳ ಸದ್ದು ಮಾತ್ರ ಗೋಡೆಯಾಚೆಯಿಂದ ಬರುತ್ತಿತ್ತು. ಅಪ್ಪ ಪಕ್ಕಕ್ಕೆ ಸರಿದು ಹಲಗೆಯ ಮೇಲೆ ನನಗೆ ಜಾಗ ಮಾಡಿದ. ನಾನು ಹೋಗಿ ಕೂತೆ.

"ನಿಮ್ಮವ್ವನ್ನ ಅವತ್ತ ನಾ ಕೇಳಿದ್ದೆ" ಎಂದ.

ನನಗೆ ಅರ್ಥವಾಗಲಿಲ್ಲ. ಅವನು ಮಗ್ಗದ ಮೇಲಿನ ಸೀರೆಯನ್ನು ನೋಡುತ್ತಲೇ ಹೇಳಿದ.

"ಮುಂಜಾನೆ ಎದಿ ಹಿಡಕೊಂಡ ನಿಂತಿದ್ಲು. ಯಾಕ, ಆರಾಮ ಅದೀಯೇನ ಅಂತ ಕೇಳಿದೆ. ಅದೀನ್ರಿ, ನೀವು ಚಹಾ ಕುಡೀರಿ ಅಂದ್ಲು. ನಾ ಹೋಗಿ ಚಹಾ ಕುಡದೆ."

ಇಷ್ಟು ವರ್ಷ ನಾವೆಲ್ಲ ಬೇರೆಯೇ ತಿಳಿದುಕೊಂಡಿದ್ದೆವು. ಅವತ್ತು ಕೇಳದೆ ಇದ್ದದ್ದಕ್ಕೆ ಅಪ್ಪ ಈಗ ಕೇಳುತ್ತಾನೆ ಎಂದುಕೊಂಡಿದ್ದೆವು. ಅವನು ಕೇಳಿದ್ದ. ಅವಳು ಸುಳ್ಳು ಹೇಳಿದ್ದಳು. ಯಾರಿಗೂ ತೊಂದರೆಯಾಗಬಾರದೆಂದು, ಮಗ್ಗ ನಿಲ್ಲಬಾರದೆಂದು, ಗಂಡನ ಚಹ ಆರಬಾರದೆಂದು ಹೇಳಿದ ಸುಳ್ಳು. ನಾನು ದಿನಾ ಹೇಳುವುದೂ ಅದನ್ನೇ. ನಾನು ಅವ್ವನನ್ನು ಎಷ್ಟು ಪ್ರೀತಿಸುತ್ತಿದ್ದೆನೋ ಆ ಗಳಿಗೆಯಲ್ಲಿ ಅಷ್ಟೇ ಸಿಟ್ಟು ಅವಳ ಮೇಲೆ ಬಂತು.

ಚೀಲದೊಳಗೆ ಇಟ್ಟಿದ್ದ ಫೋನು ಹಿಂದಿನ ಕೋಣೆಯಲ್ಲಿ ರಿಂಗಾಗತೊಡಗಿತು. ಎದ್ದು ಹೋಗಿ ತೆಗೆದೆ. ಇನ್‌ಚಾರ್ಜ್ ಸಿಸ್ಟರ್. ಬಸ್ಸು ಹತ್ತಿದೆಯಾ ಎಂದು ಕೇಳಿದರು.

"ಇಲ್ಲರಿ ಸಿಸ್ಟರ್. ನಾಳೆ ನಾ ಬರಾಂಗಿಲ್ಲ. ಯಾವಾಗ ಬರತೀನಿ ಅನ್ನೂದು ಗೊತ್ತಿಲ್ಲರಿ."

ಆ ಕಡೆ ವಾರ್ಡಿನ ಗದ್ದಲ ಕೇಳುತ್ತಿತ್ತು, ಯಾರೋ ಸಿಸ್ಟರ್ ಎಂದು ಕರೆಯುತ್ತಿದ್ದರು. ನನ್ನ ಕಾಲು ಆ ಕರೆಗೆ ತಾನಾಗಿ ಅಲುಗಿತು. ಕೊನೆಗೆ ಅವರು, "ಆತು ಬಿಡವಾ. ನಾ ಏನರ ಮಾಡತೀನಿ" ಎಂದು ಫೋನ್ ಇಟ್ಟರು. ಅವರನ್ನೂ ಯಾರಾದರೂ ಅದೀರೇನ್ರಿ ಅಂತ ಕೇಳಬೇಕಿತ್ತು ಎಂದು ಆಗ ಹೊಳೆಯಿತು. ಆದರೆ ಕೇಳುವ ಶಕ್ತಿ ಅವತ್ತು ನನ್ನಲ್ಲಿ ಇರಲಿಲ್ಲ.

ಮರಳಿ ಬಂದು ಅಪ್ಪನ ಪಕ್ಕ ಕೂತೆ. ಅವನು ಲಾಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅರ್ಧಕ್ಕಿಂತ ಹೆಚ್ಚು ನೂಲು ಉಳಿದಿದ್ದ ಕಂಡಿಕೆಯನ್ನು ಹೊರಗೆ ತೆಗೆದು ಹೆಬ್ಬೆರಳಿನಿಂದ ಸವರುತ್ತಿದ್ದ.

"ಇಷ್ಟ ವರ್ಷ ಕೇಳಿದೆ" ಎಂದ. "ಎಲ್ಲಾರೂ ಅದೀನಿ ಅಂದ್ರು. ಇಲ್ಲ ಅಂದಾಕಿ ನೀ ಒಬ್ಬಾಕಿ."

ನಾನು ಅವನ ಹೆಗಲಿಗೆ ತಲೆ ಇಟ್ಟು ಅತ್ತುಬಿಟ್ಟೆ. ವೈನಿ ಹಿಟ್ಟಿನ ಡಬ್ಬಿ ಹೊತ್ತು ಬಂದು ಬಾಗಿಲಲ್ಲಿ ನಿಂತಿದ್ದು ಗೊತ್ತಾಯಿತು. ಅವತ್ತು ಅಪ್ಪ ಮತ್ತೆ ಮಗ್ಗ ಹಚ್ಚಲಿಲ್ಲ.